ಲಾಲ್‌ಬಾಗಿನಲ್ಲಿ ದೊರೆತ ಒಂದು ಹೆಸರು

ನಮ್ಮ ಕಾಲೇಜಿನ ಹಿಂಬದಿಯ ಬಯಲಿನಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ ಒಂದು ದೊಡ್ಡ ಮರವಿರುವುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಹಗ್ಗದಂತಹ ಉದ್ದನೆಯ ತೊಟ್ಟುಗಳಲ್ಲಿ ಜೋತುಬಿದ್ದಿರುವ, ಮೊಳದುದ್ದದ, ಸೋರೆಯೂ ಅಲ್ಲದ ಸೌತೆಯೂ ಅಲ್ಲದ ಅದರ ಕಾಯಿಗಳನ್ನು ನೋಡದೆ ಈ ಕಾಲೇಜಿನಲ್ಲಿ ಮೂರು ವರ್ಷ ಕಳೆದವರು ಯಾರೂ ಇರಲಾರರು. ಆದರೆ ಆ ಮರದ ಹೆಸರೇನೆಂದು ಕೇಳಿದರೆ ಉತ್ತರ ಹೇಳುವವರೂ ಯಾರೂ ಇರಲಿಲ್ಲ. ನಮ್ಮದು ಕಲಾ ಕಾಲೇಜು, ಸಸ್ಯಶಾಸ್ತ್ರದ ವಿಭಾಗವಿಲ್ಲ. ಹಾಸ್ಟೆಲಿನ ಹುಡುಗರು ಅದನ್ನು 'ದೆವ್ವದ ಮರ'ವೆಂದು ಕರೆಯುತ್ತಿದ್ದರು. ಅದಕ್ಕೆ ಕಾರಣವೂ ಇಲ್ಲದಿರಲಿಲ್ಲ. ಅದರ ಕರಿಗೆಂಪು ಬಣ್ಣದ ಹೂಗಳು ಹಗಲಿನಲ್ಲಿ ಮುದುಡಿಕೊಂಡಿದ್ದು ರಾತ್ರಿ ಅರಳುವುವು. ಕತ್ತಲೆಯಲ್ಲಿ ಬಾವಲಿಗಳು ಅದರ ಸುತ್ತ ಹಾರಾಡುವುವು. ಬೆಳಗಾಗುವುದರೊಳಗೆ ಹೂಗಳೆಲ್ಲ ಉದುರಿ ನೆಲದ ಮೇಲೆ ರಕ್ತ ಚೆಲ್ಲಿದಂತೆ ಬಿದ್ದಿರುವುವು. ಹೆಸರು ಗೊತ್ತಿಲ್ಲದ ವಸ್ತುವಿಗೆ ಮನುಷ್ಯನು ಮೊದಲು ಕೊಡುವ ಹೆಸರು ದೆವ್ವವೇ ಅಲ್ಲವೆ?

ಕಳೆದ ವರ್ಷ ಆ ಬಯಲಿನಲ್ಲಿ ಬೈಕುಗಳಿಗಾಗಿ ಒಂದು ಶೆಡ್ಡು ಕಟ್ಟಬೇಕೆಂಬ ಮಾತು ಬಂದಿತು. ಅದಕ್ಕೆ ತೆಗೆಸಬೇಕಾದ ಮರಗಳ ಪಟ್ಟಿಯನ್ನು ಕಛೇರಿಯ ಹೊರಗೆ ಅಂಟಿಸಿದ್ದರು. 'ಬೇವು ೧, ಹೊಂಗೆ ೨, ಹೆಸರಿಲ್ಲದ ಕಾಡುಮರ ೧' ಎಂದು ಅದರಲ್ಲಿ ಬರೆದಿತ್ತು. ಬೇವು ಹೊಂಗೆಗಳ ಬಗ್ಗೆ ಕೆಲವರು ಆಕ್ಷೇಪಣೆ ಎತ್ತಿದುದರಿಂದ ಅವುಗಳನ್ನು ಪಟ್ಟಿಯಿಂದ ಬಿಟ್ಟರು. ನಾಲ್ಕನೆಯದನ್ನು ಕುರಿತು ಯಾರೂ ತುಟಿ ಬಿಚ್ಚಲಿಲ್ಲ. ಹೆಸರಿಲ್ಲದುದರ ಪರವಾಗಿ ಅರ್ಜಿ ಬರೆಯುವುದಾದರೂ ಹೇಗೆ? ಆ ಮರದ ನೆರಳಿನಲ್ಲಿ ಕುಳಿತೇ ನಾನು ಎರಡು ವರ್ಷದ ಪರೀಕ್ಷೆಗಳಿಗೆ ಓದಿಕೊಂಡವನು. ಅದನ್ನು 'ಹೆಸರಿಲ್ಲದ ಕಾಡುಮರ'ವೆಂದು ಬರೆದುದನ್ನು ಕಂಡು, ನನ್ನ ಪರಿಚಿತರೊಬ್ಬರನ್ನು ಯಾರೋ ಅನಾಥರೆಂದು ದಾಖಲೆ ಮಾಡಿದಂತಾಯಿತು.

ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದು ಹುಡುಕಿದೆವು. ಅದು ಮೂರು ಬಾರಿಗೆ ಮೂರು ಹೆಸರು ಹೇಳಿತು. ನಮ್ಮ ಇತಿಹಾಸದ ಮೇಷ್ಟರಿಗೆ ಇದನ್ನು ತಿಳಿಸಿದಾಗ ಅವರು ನಕ್ಕು, "ನೋಡಪ್ಪ, ಯಾರೋ ಹೇಳಿದರೆಂಬುದು ಆಧಾರವಾಗುವುದಿಲ್ಲ. ನೀನು ಇತಿಹಾಸದ ವಿದ್ಯಾರ್ಥಿ. ಲಾಲ್‌ಬಾಗಿಗೆ ಹೋಗು. ಅಲ್ಲಿ ಮರಗಳಿಗೆ ಹೆಸರಿನ ಹಲಗೆ ಹಾಕಿದ್ದಾರೆ. ಇದರ ಜಾತಿಯದು ಅಲ್ಲಿದ್ದರೆ ಪಕ್ಕದಲ್ಲಿ ನಿಂತು, ಕಣ್ಣಾರೆ ನೋಡಿ, ಬರೆದುಕೊಂಡು ಬಾ" ಎಂದರು. ಬೆಂಗಳೂರಿನಲ್ಲಿ ನನ್ನ ಸೋದರಮಾವನ ಮನೆಯಿದೆ. ಒಂದು ಶನಿವಾರ, ಉದುರಿದ ಕಾಯಿಯೊಂದನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟೆನು.

ಕಾಯಿಯೊಡನೆ ಪ್ರಯಾಣ ಮಾಡುವುದು ಸುಲಭವೆಂದು ಯಾರೂ ತಿಳಿಯಬಾರದು. ನಾಲ್ಕೈದು ಸೇರು ತೂಗುವ ಅದು ತೊಡೆಯ ಮೇಲೆ ಮಗುವಿನಂತೆ ಮಲಗಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಎಂಥಾ ಸೌತೇಕಾಯಪ್ಪ ಇದು? ಹುಳಿಗೆ ಚೆನ್ನಾಗಿರ್ತದಾ?" ಎಂದು ಕೇಳಿದರು. "ತಿನ್ನೋದಲ್ಲ ಅಜ್ಜೀ" ಎಂದೆ. "ತಿನ್ನೋದಲ್ಲದ್ದನ್ನ ಬೆಂಗಳೂರಿಗೆ ಯಾಕೆ ಹೊತ್ಕೊಂಡು ಹೋಗ್ತೀಯಾ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ರೈಲು ಹತ್ತಿ, ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು, ಪಶ್ಚಿಮದ ದ್ವಾರಕ್ಕೆ ಬಂದೆನು. ಅಲ್ಲಿದ್ದ ಕಾವಲುಗಾರರು ಚೀಲವನ್ನು ತೆರೆಸಿ ನೋಡಿ, "ಒಳಗಿನಿಂದ ಕಾಯಿ ಕದ್ದು ತರೋರನ್ನ ಕಂಡಿದೀನಿ. ಹೊರಗಿನಿಂದ ಒಳಗೆ ತಗೊಂಡು ಹೋಗೋನು ನೀನೊಬ್ಬನೇ!" ಎಂದು ಬಿಟ್ಟುಕೊಟ್ಟರು.

ಲಾಲ್‌ಬಾಗನ್ನು ಫಲಪುಷ್ಪ ಪ್ರದರ್ಶನದ ತೋಟವೆಂದೇ ನಮ್ಮಲ್ಲಿ ಹಲವರು ತಿಳಿದಿರುವರು. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಗಾಜಿನ ಮನೆಯಲ್ಲಿ ಹೂವಿನ ಗೋಪುರ ಕಟ್ಟುವುದನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಹೂವು ಹತ್ತು ದಿನದ ಸಂಭ್ರಮ. ಮರಗಳು ವರ್ಷವಿಡೀ ಇರುವ ಸಂಪತ್ತು. ಈ ಮರಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಇಲ್ಲಿ ಅಪ್ರಸ್ತುತವಾಗಲಾರದು.

ಹೈದರಾಲಿಯು ೧೭೬೦ರಲ್ಲಿ ಸುಮಾರು ೪೦ ಎಕರೆ ನೆಲದಲ್ಲಿ ಈ ತೋಟಕ್ಕೆ ಪ್ರಾರಂಭ ಮಾಡಿದನು. ಶಿರಾದಲ್ಲಿ ಮೊಗಲರ ಸುಬೇದಾರ ದಿಲಾವರ್ ಖಾನನು ಮಾಡಿಸಿದ್ದ ಖಾನ್‌ಬಾಗ್ ಎಂಬ ತೋಟವೇ ಇದಕ್ಕೆ ಪ್ರೇರಣೆಯೆಂದು ಹೇಳುವರು. ನಾನು ಶಿರಾ ಸೀಮೆಯವನಾದುದರಿಂದ ಈ ಮಾತನ್ನು ಓದಿದಾಗ ನನಗೆ ಸ್ವಲ್ಪ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಟಿಪ್ಪು ಸುಲ್ತಾನನು ದೂರದ ದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ತೋಟವನ್ನು ಬೆಳೆಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅದು ಇಂಗ್ಲಿಷರ ಕೈಸೇರಿ, ಕೆಲವು ಕಾಲ ಒಬ್ಬರಿಂದ ಒಬ್ಬರಿಗೆ ಸಾಗಿ, ೧೮೫೬ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಅಂದಿನಿಂದ ಅದರ ಕೆಲಸವೇ ಬೇರೆಯಾಯಿತು. ರಾಜನ ವಿಹಾರಕ್ಕೆಂದು ಹುಟ್ಟಿದ ತೋಟ ನಾಡಿಗೆ ಗಿಡಮರಗಳನ್ನು ಪರೀಕ್ಷೆ ಮಾಡಿ ಕೊಡುವ ಶಾಲೆಯಾಯಿತು.

ಈ 'ಪರೀಕ್ಷೆ'ಯ ಅರ್ಥವನ್ನು ಸ್ವಲ್ಪ ವಿವರಿಸಬೇಕು. ಹೊರದೇಶದ ಬೀಜವೊಂದು ಬಂದರೆ ಅದನ್ನು ಮೊದಲು ಕುಂಡದಲ್ಲಿ ಮೊಳೆಯಿಸಿ, ನೆರಳಿನಲ್ಲಿ ಸಾಕಿ, ನಮ್ಮ ಮಣ್ಣು, ಮಳೆ, ಬೇಸಿಗೆಗಳಿಗೆ ಅದು ತಡೆಯುವುದೆ ಎಂದು ವರ್ಷಗಟ್ಟಲೆ ಕಾಯುವರು. ತಡೆದರೆ ಸಸಿ ಮಾಡಿ ಹಂಚುವರು. ಹೀಗೆ ಒಗ್ಗಿಸುವ ಕೆಲಸವೇ ಲಾಲ್‌ಬಾಗಿನ ಮುಖ್ಯ ಕೆಲಸವಾಗಿತ್ತು. ೧೮೭೪ರಿಂದ ೧೯೦೮ರವರೆಗೆ ಇಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ಅವರ ಕಾಲದಲ್ಲಿ ಎಷ್ಟೋ ಮರಗಳೂ ತರಕಾರಿಗಳೂ ಬಂದುವು. ನಮ್ಮ ಮನೆಗಳಲ್ಲಿ ಪಲ್ಯಕ್ಕೂ ಹುಳಿಗೂ ಹಾಕುವ ಸೀಮೆಬದನೆಯೂ ಹಾಗೆಯೇ ಬಂದುದೆನ್ನುವರು. ಆ ದಿನ ರಾತ್ರಿ ನಮ್ಮ ಅತ್ತೆ ಸೀಮೆಬದನೆಯ ಹುಳಿಯನ್ನೇ ಬಡಿಸಿದಾಗ, 'ಸೀಮೆ' ಎಂಬ ಮಾತಿನಲ್ಲಿ ಒಂದು ಪ್ರವಾಸ ಅಡಗಿರುವುದು ನನಗೆ ಮೊದಲ ಸಲ ಹೊಳೆಯಿತು.

ಕ್ಯಾಮರನ್ ಅವರ ಕಾಲದಲ್ಲಿಯೇ, ೧೮೮೯ರ ನವೆಂಬರ್ ೩೦ರಂದು, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಗಾಜಿನ ಮನೆಗೆ ಅಸ್ತಿಭಾರದ ಕಲ್ಲನ್ನಿಟ್ಟನು. ಅದಕ್ಕೆ ಬೇಕಾದ ಎರಕದ ಕಬ್ಬಿಣ ಗ್ಲಾಸ್ಗೋ ನಗರದಿಂದ ಹಡಗಿನಲ್ಲಿ ಬಂದಿತು. ೧೯೩೫ರಲ್ಲಿ ಮನೆಯನ್ನು ವಿಸ್ತರಿಸಿದಾಗ ಕಬ್ಬಿಣಕ್ಕಾಗಿ ಅಷ್ಟು ದೂರ ಹೋಗಬೇಕಾಗಲಿಲ್ಲ. ನಮ್ಮ ಭದ್ರಾವತಿಯೇ ಕೊಟ್ಟಿತು. ನಲವತ್ತಾರು ವರ್ಷಗಳಲ್ಲಿ ನಾಡು ನಡೆದ ದಾರಿಯನ್ನು ಒಂದೇ ಕಟ್ಟಡದಲ್ಲಿ ನೋಡಬಹುದು.

ಕ್ಯಾಮರನ್ ಅವರ ನಂತರ ಬಂದವರು ಜರ್ಮನಿಯ ಕ್ರುಂಬಿಗೆಲ್ ಅವರು. ಇವರು ೧೯೦೮ರಿಂದ ೧೯೩೨ರವರೆಗೆ ಇಲ್ಲಿದ್ದರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಹೂವು ಮುಗಿಯುವ ವೇಳೆಗೆ ಇನ್ನೊಂದು ಜಾತಿ ಹೂಬಿಡುವಂತೆ ಮರಗಳನ್ನು ಆರಿಸಿ ನೆಡಿಸಿದ ಜಾಣತನ ಅವರದು. ಅವರು ತಮ್ಮ ದೇಶಕ್ಕೆ ಹಿಂತಿರುಗದೆ ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ೧೯೩೨ರಲ್ಲಿ ಅವರ ಸ್ಥಾನಕ್ಕೆ ಎಚ್. ಸಿ. ಜವರಾಯರು ಬಂದರು. ಅನಂತರ ಡಾ. ಎಂ. ಎಚ್. ಮರಿಗೌಡರು ೧೯೭೪ರವರೆಗೆ ತೋಟಗಾರಿಕೆಯನ್ನು ಮುನ್ನಡೆಸಿದರು. ತಾಲ್ಲೂಕು ತಾಲ್ಲೂಕಿಗೂ ತೋಟಗಾರಿಕೆಯ ಕ್ಷೇತ್ರಗಳನ್ನೂ ಸಸ್ಯಕ್ಷೇತ್ರಗಳನ್ನೂ ಮಾಡಿಸಿ, ಲಾಲ್‌ಬಾಗಿನ ಸಸಿಗಳು ಹಳ್ಳಿಯ ರೈತನಿಗೂ ಸಿಕ್ಕುವಂತೆ ಮಾಡಿದವರು ಅವರು. ತೋಟ ಈಗ ೨೪೦ ಎಕರೆಗಳಷ್ಟಿದೆ. ಸಾವಿರಕ್ಕೂ ಮಿಕ್ಕಿದ ಜಾತಿಯ ಗಿಡಮರಗಳಿವೆ.

ಇಷ್ಟನ್ನೂ ನಾನು ಮೊದಲೇ ಓದಿಕೊಂಡು ಹೋಗಿದ್ದೆನು. ಆದರೆ ಒಂದು ಮರವನ್ನು ಹುಡುಕುವುದಕ್ಕೆ ಇತಿಹಾಸದಿಂದ ಉಪಯೋಗವಾಗಲಿಲ್ಲ. ಎರಡು ಗಂಟೆಗಳ ಕಾಲ ಚೀಲ ಹೊತ್ತು ಅಲೆದೆನು. ಗೋಡೆಗಳಂತೆ ಬೇರು ಹರಡಿ ನಿಂತಿರುವ ಬಿಳಿಯ ಬೂರುಗದ ಬುಡದಲ್ಲಿ ನಾನು ಇರುವೆಯಂತಾದೆನು. ಕಾಂಡದ ಮೇಲೆಯೇ ಹೂಬಿಡುವ ನಾಗಲಿಂಗವನ್ನು ನೋಡಿದೆನು. ನಮ್ಮವರು ಅದನ್ನು ಶಿವನ ಗುಡಿಗಳಲ್ಲಿ ಬೆಳೆಸುವರು. ಅದರ ತೌರೋ ದಕ್ಷಿಣ ಅಮೆರಿಕ! ಕೊಡೆಯಂತೆ ಹರಡುವ ಮಳೆಮರವೂ ಅಲ್ಲಿಯದೇ. ಬೇಸಿಗೆಯಲ್ಲಿ ಉರಿಯುವ ಗುಲ್‌ಮೊಹರ್ ಮಡಗಾಸ್ಕರದ್ದು. ಕಾಫಿ ತೋಟಗಳ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ನಾವು ನಮ್ಮವೆಂದು ತಿಳಿದವುಗಳಲ್ಲಿ ಎಷ್ಟು ಅತಿಥಿಗಳಾಗಿ ಬಂದುವೆಂಬುದನ್ನು ಎಣಿಸುತ್ತಾ ಹೋದಂತೆ, 'ಕಾಡುಮರ' ಎಂಬ ನಮ್ಮ ಪಟ್ಟಿಯ ಮಾತು ಇನ್ನಷ್ಟು ಅನ್ಯಾಯವಾಗಿ ತೋರಿತು.

ಕೊನೆಗೆ, ಒಣಗಿದ ಎಲೆಗಳನ್ನು ಗುಡಿಸುತ್ತಿದ್ದ ವಯಸ್ಸಾದ ಮಾಲಿಯೊಬ್ಬರ ಮುಂದೆ ಚೀಲ ಬಿಚ್ಚಿದೆನು. ಅವರು ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಯಿಯನ್ನು ಎರಡೂ ಕೈಗಳಲ್ಲಿ ಎತ್ತಿ ನೋಡಿದರು.

"ಇದನ್ನ ಎಲ್ಲಿ ಕಿತ್ತೆ ಮಗಾ?"

"ಕಿತ್ತಿದ್ದಲ್ಲ ಯಜಮಾನರೇ, ಬಿದ್ದಿದ್ದು. ನಮ್ಮ ಕಾಲೇಜಿನ ಮರದ್ದು. ಇದರ ಹೆಸರು ಬೇಕಾಗಿತ್ತು."

"ಮರಸೌತೆ ಅಂತೀವಿ ನಾವು. ಕೆಲವರು ಆನೆಸೌತೆ ಅಂತಾರೆ. ಬಾ, ತೋರಿಸ್ತೀನಿ."

ಅವರ ಹಿಂದೆ ಹೋದೆನು. ನಮ್ಮ ಮರವೇ ನಡೆದುಕೊಂಡು ಬಂದು ಇಲ್ಲಿ ನಿಂತಿದೆಯೆ ಎಂಬಂತೆ, ಅದೇ ಒರಟು ತೊಗಟೆ, ಅದೇ ಹಗ್ಗಗಳು, ಅದೇ ಕಾಯಿಗಳು! ಮೈಮೇಲೆ 'ಕಿಗೇಲಿಯ ಪಿನ್ನೇಟ' ಎಂಬ ಹಲಗೆಯಿತ್ತು. ಈಗಿನ ಶಾಸ್ತ್ರಗ್ರಂಥಗಳಲ್ಲಿ ಅದನ್ನೇ 'ಕಿಗೇಲಿಯ ಆಫ್ರಿಕಾನ' ಎಂದು ಬರೆಯುವರೆಂದು ಆಮೇಲೆ ತಿಳಿಯಿತು. ನಾನು ಕಾಯಿಯನ್ನು ಆ ಮರದ ಕಾಯಿಯ ಪಕ್ಕದಲ್ಲಿ ಹಿಡಿದು ಚಿತ್ರ ತೆಗೆದುಕೊಂಡೆನು. ಮಾಲಿಯವರು, "ನಿಮ್ಮೂರಲ್ಲಿ ಇದನ್ನ ಯಾರು ನೆಟ್ಟಿದ್ರು?" ಎಂದು ಕೇಳಿದರು. ಗೊತ್ತಿಲ್ಲವೆಂದೆ. "ಯಾರೋ ನೆಟ್ಟೇ ಇರಬೇಕು. ಇದು ಬೇವಿನಂಗೆ ತಾನಾಗಿ ಹುಟ್ಟೋ ಮರ ಅಲ್ಲ" ಎಂದರು.

ಆ ಮಾತಿನ ಅರ್ಥವನ್ನು ಊರಿಗೆ ಬಂದಮೇಲೆ ಪುಸ್ತಕಗಳಲ್ಲಿ ಹುಡುಕಿ ತಿಳಿದೆನು. ಈ ಮರದ ತೌರು ಆಫ್ರಿಕ. ಅಲ್ಲಿ ರಾತ್ರಿ ಅರಳಿದ ಹೂವಿನ ಮಕರಂದಕ್ಕೆ ಬಾವಲಿಗಳು ಬಂದು, ಮೈಗೆ ಅಂಟಿದ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸುವುವು. ಹೂವು ಎಲೆಗಳ ನಡುವೆ ಅಡಗದೆ ಹಗ್ಗದ ತುದಿಯಲ್ಲಿ ತೂಗುವುದು, ಬಾವಲಿಗೆ ರೆಕ್ಕೆ ಬಿಚ್ಚಿ ಬರಲು ಅನುಕೂಲವಾಗಲೆಂದೇ. ನಮ್ಮ ದೇಶದ ಬಾವಲಿಗಳೂ ಈ ಕೆಲಸವನ್ನು ಮಾಡುತ್ತವೆ. ಆದುದರಿಂದಲೇ ನಮ್ಮ ಕಾಲೇಜಿನ ಮರದಲ್ಲಿ ಕಾಯಿ ಕಚ್ಚುವುದು. ಹಾಸ್ಟೆಲಿನವರು ದೆವ್ವವೆಂದು ಹೆದರಿದುದು ಪರಾಗಸ್ಪರ್ಶ ಕ್ರಿಯೆಗೆ! ಇನ್ನು ಕಾಯಿ: ಅದು ಹಸಿಯಾಗಿದ್ದಾಗ ಮನುಷ್ಯನಿಗೆ ವಿಷ. ಆದರೆ ಆಫ್ರಿಕದಲ್ಲಿ ಆನೆ, ಜಿರಾಫೆಗಳಂತಹ ಪ್ರಾಣಿಗಳು ಅದನ್ನು ತಿಂದು ಬೀಜಗಳನ್ನು ದೂರ ದೂರ ಸಾಗಿಸುವುವು. ನಮ್ಮ ಕಾಲೇಜಿನ ಬಯಲಿಗೆ ಆನೆ ಬರುವುದಿಲ್ಲ. ಆದುದರಿಂದ ಈ ಮರ ಇಲ್ಲಿ ನಿಂತಿದೆಯೆಂದರೆ, ಯಾವುದೋ ಒಂದು ಕಾಲದಲ್ಲಿ ಯಾರೋ ಒಬ್ಬರು ಗುಳಿ ತೋಡಿ, ಸಸಿಯಿಟ್ಟು, ಬೇಸಿಗೆಯಲ್ಲಿ ನೀರು ಹೊತ್ತು ಹಾಕಿರಬೇಕು. ಅವರ ಹೆಸರು ನಮ್ಮ ಯಾವ ದಾಖಲೆಯಲ್ಲಿಯೂ ಇಲ್ಲ. ಅವರು ನೆಟ್ಟ ಮರದ ಹೆಸರನ್ನಾದರೂ ನಾವು ಉಳಿಸಿಕೊಂಡಿರಲಿಲ್ಲ.

ಇಲ್ಲಿ ಹೆಸರಿನ ವಿಷಯವಾಗಿ ಒಂದೆರಡು ಮಾತು. ಮರಗಳಿಗೆ ಲ್ಯಾಟಿನ್ ಹೆಸರೇಕೆ, ನಮ್ಮ ಮಾತಿನ ಹೆಸರು ಸಾಲದೆ ಎಂದು ನನ್ನ ಗೆಳೆಯರು ಕೇಳುವುದುಂಟು. ಒಂದೇ ಗಿಡಕ್ಕೆ ಊರಿಗೊಂದು ಹೆಸರಿರುವುದು. ಒಂದೇ ಹೆಸರಿನಿಂದ ಎರಡು ಗಿಡಗಳನ್ನು ಕರೆಯುವುದೂ ಉಂಟು. ಈ ತೊಡಕನ್ನು ಬಿಡಿಸುವುದಕ್ಕಾಗಿ ಸ್ವೀಡನ್ನಿನ ಲಿನ್ನೇಯಸ್ ಪಂಡಿತನು ೧೭೫೩ರಲ್ಲಿ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಬಳಕೆಗೆ ತಂದನು. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಜಾತಿಯದು. ನಮ್ಮಲ್ಲಿ ಮನೆತನದ ಹೆಸರೂ ಸ್ವಂತ ಹೆಸರೂ ಇರುವಂತೆಯೇ. ಈ ಹೆಸರುಗಳೆಲ್ಲವೂ ಯೂರೋಪಿನವೆಂದು ತಿಳಿಯಬೇಕಾಗಿಲ್ಲ. 'ಕಿಗೇಲಿಯ' ಎಂಬುದು ಆಫ್ರಿಕದವರೇ ಆ ಮರಕ್ಕೆ ಇಟ್ಟ ಹೆಸರಿನಿಂದ ಬಂದುದು. ಹೊಂಗೆಯ ಶಾಸ್ತ್ರೀಯ ಹೆಸರು 'ಪೊಂಗಾಮಿಯ'; ಅದು ದಕ್ಷಿಣದ ನಮ್ಮ ನೆರೆಯ ಭಾಷೆಗಳಿಂದ ಹೋದ ಮಾತು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ತರಗತಿಯಲ್ಲಿ ಕಲಿತ ನಮಗೆ, ಆ ಹೆಸರು 'ಹೊಂಗೆ'ಯ ಹತ್ತಿರದ ನಂಟನೆಂದು ಬೇರೆ ಹೇಳಬೇಕೆ? ಮರಸೌತೆ ಸೇರಿದ ಕುಟುಂಬದಲ್ಲಿಯೇ ನಮ್ಮ ಹಳೆಯ ಕಾವ್ಯಗಳಿಗೆ ಪರಿಚಿತವಾದ ಪಾದರಿಯೂ ಇದೆ. ಆದುದರಿಂದ ನಮ್ಮ ಬಯಲಿನ ಆಫ್ರಿಕದ ಅತಿಥಿ ಪೂರ್ತಿ ಹೊರಗಿನವನೇನೂ ಅಲ್ಲ, ದೂರದ ಸಂಬಂಧಿ.

ಹಿಂತಿರುಗುವ ಮುನ್ನ ಲಾಲ್‌ಬಾಗಿನ ಬಂಡೆಯನ್ನು ಹತ್ತಿ, ಕೆಂಪೇಗೌಡರ ಗೋಪುರದ ಬಳಿ ಕುಳಿತೆನು. ಆ ಬಂಡೆಗೆ ಸುಮಾರು ೩೦೦ ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುವರು. ಅಷ್ಟು ಹಳೆಯ ಕಲ್ಲಿನ ಮೇಲೆ ಕುಳಿತವನಿಗೆ ಹೈದರನೂ ಕ್ರುಂಬಿಗೆಲ್ಲರೂ ನಿನ್ನೆಯವರಾಗಿ ಕಾಣುವರು. ಮೇಲಿನಿಂದ ನೋಡಿದರೆ ಕೆಳಗೆ ಮರಗಳ ಹಸಿರು, ಅದರಾಚೆ ಎಲ್ಲೆಲ್ಲಿಯೂ ಕಟ್ಟಡಗಳು. ನಾನು ಬಂದ ಮೆಟ್ರೋ ಮಾರ್ಗಕ್ಕಾಗಿ ೨೦೦೯ರಲ್ಲಿ ಈ ತೋಟದ ಪಶ್ಚಿಮದ ಅಂಚಿನ ಗೋಡೆಯನ್ನು ಒಡೆದು ಮರಗಳನ್ನು ಕಡಿದರು. ಆಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದ್ದರು. ೧೯೭೫ರ ಉದ್ಯಾನಗಳ ಸಂರಕ್ಷಣೆಯ ಕಾನೂನಿನ ರಕ್ಷಣೆಯಿದ್ದ ತೋಟಕ್ಕೇ ಈ ಗತಿಯಾಯಿತು. ಮರಗಳನ್ನು ಉಳಿಸುವುದಕ್ಕೆಂದು ಹೊರಟ ನಾನು ಅದೇ ರೈಲಿನಲ್ಲಿ, ತಣ್ಣನೆಯ ಗಾಳಿಯಲ್ಲಿ ಕುಳಿತು ಬಂದಿದ್ದೆನು. ರೈಲೂ ಬೇಕು, ಮರವೂ ಬೇಕು. ಬೈಕಿನ ಶೆಡ್ಡೂ ಬೇಡವೆನ್ನಲು ಸಾಧ್ಯವಿಲ್ಲ. ನಮ್ಮಲ್ಲಿ ಹಳ್ಳಿಗಳಿಂದ ಬೈಕಿನಲ್ಲಿ ಬರುವವರೇ ಅರ್ಧಕ್ಕಿಂತ ಹೆಚ್ಚು. ಆದರೆ ಬೆಲೆ ಗೊತ್ತಿದ್ದು ಕಳೆದುಕೊಳ್ಳುವುದು ಬೇರೆ. ಏನೆಂದೇ ತಿಳಿಯದೆ ಕಳೆದುಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ವಾದಕ್ಕೆ ಅವಕಾಶವಿದೆ. ಎರಡನೆಯದರಲ್ಲಿ ಅದೂ ಇಲ್ಲ.

ಊರಿಗೆ ಬಂದು, ಚಿತ್ರಗಳನ್ನು ಲಗತ್ತಿಸಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದೆವು. ೧೯೭೬ರ ವೃಕ್ಷ ಸಂರಕ್ಷಣಾ ಕಾನೂನಿನಂತೆ ಮರ ಕಡಿಯಲು ವೃಕ್ಷಾಧಿಕಾರಿಗಳ ಅನುಮತಿ ಬೇಕೆಂಬುದನ್ನೂ ಮೇಷ್ಟರ ಸಲಹೆಯಂತೆ ಸೇರಿಸಿದೆವು. ಆದರೆ ಕೆಲಸ ಮಾಡಿದುದು ಕಾನೂನಿಗಿಂತ ಹೆಚ್ಚಾಗಿ ಹೆಸರು ಎಂದು ನನ್ನ ನಂಬಿಕೆ. ಪ್ರಾಂಶುಪಾಲರು ಅರ್ಜಿಯನ್ನು ಓದಿ, ಕಿಟಕಿಯ ಬಳಿಗೆ ಹೋಗಿ ಹೊರಗೆ ನೋಡಿ, "ಇಷ್ಟು ವರ್ಷ ಇಲ್ಲಿದ್ದೇನೆ. ಇದರ ಹೆಸರು ಮರಸೌತೆಯೇ?" ಎಂದರು. ಆಮೇಲೆ ಶೆಡ್ಡಿನ ನಕ್ಷೆಯನ್ನು ಪೂರ್ವದ ಗೋಡೆಯ ಕಡೆಗೆ ಬದಲಾಯಿಸಲಾಯಿತು. ಪೂರ್ತಿ ಗೆದ್ದೆವೆಂದು ಹೇಳಲಾರೆ. ದಾರಿಯ ಮೇಲೆ ಚಾಚಿದ್ದ ಎರಡು ದೊಡ್ಡ ಕೊಂಬೆಗಳನ್ನು ಕಾಯಿ ಬೀಳುವ ಭಯದಿಂದ ಕಡಿಸಿದರು. ನಾನು ಕುಳಿತು ಓದುತ್ತಿದ್ದ ನೆರಳು ಆ ಕೊಂಬೆಗಳದೇ ಆಗಿತ್ತು. ಈಗ ಅಲ್ಲಿ ಮಧ್ಯಾಹ್ನದ ಬಿಸಿಲು ಬೀಳುತ್ತದೆ.

ಗೆಳೆಯರೆಲ್ಲ ಸೇರಿ ಒಂದು ತಗಡಿನ ಹಲಗೆಗೆ ಬಣ್ಣ ಬಳಿದು, ಮೊಳೆ ಹೊಡೆಯದೆ ತಂತಿಯಲ್ಲಿ ಸಡಿಲವಾಗಿ ಕಟ್ಟಿದ್ದೇವೆ. ಮೊದಲ ಸಾಲಿನಲ್ಲಿ 'ಮರಸೌತೆ', ಎರಡನೆಯದರಲ್ಲಿ 'ಕಿಗೇಲಿಯ ಆಫ್ರಿಕಾನ', ಮೂರನೆಯದರಲ್ಲಿ 'ತೌರು: ಆಫ್ರಿಕ' ಎಂದಿದೆ. ನಾಲ್ಕನೆಯ ಸಾಲು 'ನೆಟ್ಟವರು' ಎಂಬುದಾಗಿದ್ದು, ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ಈ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ತಿಳಿಸಬೇಕಾಗಿ ಪ್ರಾರ್ಥನೆ. ಬೆಂಗಳೂರಿಗೆ ಹೋಗುವ ಮಿತ್ರರು ಗಾಜಿನ ಮನೆಯನ್ನು ನೋಡಿದ ಮೇಲೆ ಒಂದು ಗಂಟೆ ಮರಗಳ ನಡುವೆ ನಡೆದು, ತಮ್ಮ ಊರಿನ ಒಂದು ಮರದ ಹೆಸರನ್ನಾದರೂ ತಿಳಿದುಕೊಂಡು ಬರಲಿ. ಕಾಯಿಯನ್ನು ಹೊತ್ತುಕೊಂಡು ಹೋಗುವುದಾದರೆ, ಬಸ್ಸಿನಲ್ಲಿ ಅಜ್ಜಿಯರಿಗೆ ಹೇಳಲು ಒಂದು ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡಿರುವುದು ಒಳ್ಳೆಯದು.